ಉಪ್ಪು, ಸಪ್ಪೆ ಮತ್ತು 17 ಎಂಬ ಸರಾಸರಿ

ಉಡುಪಿಯ ಸ್ವರ್ಣಾ ಮತ್ತು ಸೀತಾ ಹೊಳೆಗಳೆರಡೂ ಕೂಡಿ ಕಡಲಿಗೆ ಬೀಳುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ, ಏಪ್ರಿಲ್ ಕೊನೆಯಲ್ಲಿ ಭರತದ (ಕಡಲ ನೀರು ಉಬ್ಬಿ ಒಳಬರುವ) ಹೊತ್ತಿಗೆ ನೀರನ್ನು ಅಳೆದರೆ ಲೀಟರಿಗೆ 33–34 ಗ್ರಾಂ ಉಪ್ಪು ಸಿಗುತ್ತದೆ. ಅದು ಕಡಲ ನೀರೇ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಘಟ್ಟದ ಮೇಲೆ ನಾಲ್ಕು ದಿನ ಬಿಡದೆ ಹೊಯ್ದ ಮೇಲೆ, ಇಳಿತದ ಹೊತ್ತಿಗೆ ಅದೇ ಜಾಗದ ಮೇಲ್ನೀರು ಬಾವಿ ನೀರಿನಷ್ಟು ಸಪ್ಪೆ. ಎರಡು ತುದಿಗಳ ಸರಾಸರಿ ತೆಗೆದರೆ 17 ಎಂದು ಬರುತ್ತದೆ. ಪರಿಸರ ವರದಿಗಳ ಕೋಷ್ಟಕಗಳಲ್ಲಿ ಇಂಥ ಸರಾಸರಿಗಳು ಗಂಭೀರವಾಗಿ ಕುಳಿತಿರುತ್ತವೆ. ಆದರೆ ಆ ಹೂಳಿನಲ್ಲಿ ಬದುಕುವ ಮರುವಾಯಿ (ಎರಡು ಚಿಪ್ಪಿನ ಮೃದ್ವಂಗಿ), ಎಟ್ಟಿ (ಸಿಗಡಿ), ಹುಳ, ಏಡಿಗಳ ಪೈಕಿ 17ರ ನೀರಿನಲ್ಲಿ ವರ್ಷ ಕಳೆಯುವವು ಒಂದೂ ಇಲ್ಲ. ಎಲ್ಲವೂ 34ರಿಂದ ಸೊನ್ನೆಗೆ, ಸೊನ್ನೆಯಿಂದ 34ಕ್ಕೆ ಹೋಗಿ ಬರುತ್ತಲೇ ಬದುಕುತ್ತವೆ. ಕೆಲವು ಚಿಪ್ಪು ಮುಚ್ಚಿ ಕೂರುತ್ತವೆ, ಕೆಲವು ಆಳಕ್ಕೆ ಇಳಿಯುತ್ತವೆ, ಕೆಲವು ಕಡಲಿಗೆ ಜಾರಿಕೊಳ್ಳುತ್ತವೆ, ಉಳಿದವು ಸಾಯುತ್ತವೆ. ಹಾಗಿದ್ದರೂ ನವೆಂಬರಿಗೆ ಹೋಗಿ ನೋಡಿದರೆ ಹೆಚ್ಚುಕಡಿಮೆ ಅದೇ ಜೀವಿಗಳ ಗುಂಪು. ಇಷ್ಟು ದೊಡ್ಡ ಏರಿಳಿತವನ್ನು ತಡೆದುಕೊಳ್ಳುವ ಗುಂಪು, ಅದಕ್ಕಿಂತ ಎಷ್ಟೋ ಸಣ್ಣದೆನಿಸುವ ಬದಲಾವಣೆಗೆ ಕೆಲವೊಮ್ಮೆ ಕುಸಿದುಬೀಳುವುದು ಯಾಕೆ ಎಂಬುದು ಬಹಳ ಕಾಲದಿಂದ ತಲೆ ತಿನ್ನುತ್ತಿರುವ ಪ್ರಶ್ನೆ.

ಸರಾಸರಿ ಮೋಸ ಮಾಡುವುದಕ್ಕೆ ಒಂದು ಸರಳ ಗಣಿತ ಕಾರಣವಿದೆ. ಜೀವಿಯ ಬೆಳವಣಿಗೆಗೂ ಉಪ್ಪಿಗೂ ಇರುವ ಸಂಬಂಧ ನೇರ ಗೆರೆಯಲ್ಲ, ಗುಡ್ಡದ ಆಕಾರದ್ದು. ನೆತ್ತಿಯ ಹತ್ತಿರ ಉಪ್ಪು ಐದು ಗ್ರಾಂ ಅತ್ತಿತ್ತ ಆದರೆ ನಷ್ಟ ಅಲ್ಪ, ಬುಡದ ಹತ್ತಿರ ಅದೇ ಐದು ಗ್ರಾಂ ಪ್ರಾಣ ತೆಗೆಯುತ್ತದೆ. ಹಾಗಾಗಿ ಸರಾಸರಿ ಉಪ್ಪಿನಲ್ಲಿ ಆಗುವ ಬೆಳವಣಿಗೆಯೂ, ಬೇರೆಬೇರೆ ದಿನಗಳ ಬೆಳವಣಿಗೆಯ ಸರಾಸರಿಯೂ ಒಂದೇ ಅಲ್ಲ. ಗುಡ್ಡದ ನೆತ್ತಿಯ ಸುತ್ತ ಏರಿಳಿತ ಯಾವಾಗಲೂ ನಷ್ಟವನ್ನೇ ತರುತ್ತದೆ. ಗುಡ್ಡದ ಬುಡ ಹೊರಕ್ಕೆ ಬಾಗಿ ಚಾಚಿಕೊಂಡ ಕಡೆ ಅದೇ ಏರಿಳಿತದಿಂದ ಲಾಭವೂ ಆಗಬಹುದು. ಒಂದೇ ಮಳೆ ಒಂದು ಜಾತಿಗೆ ಪೆಟ್ಟು, ಪಕ್ಕದ್ದಕ್ಕೆ ಹಬ್ಬ.

ಯಾವುದರ ಸ್ಥಿರತೆ?

'ಸ್ಥಿರ' ಎಂದಾಗ ಮೂರು ಬೇರೆಬೇರೆ ಸಂಗತಿಗಳು ಕಲಸಿಹೋಗುತ್ತವೆ. ಪೆಟ್ಟು ಬಿದ್ದಾಗ ಎಷ್ಟು ಅಲುಗಿತು ಎನ್ನುವುದು ಒಂದು. ಅಲುಗಿದ ಮೇಲೆ ಎಷ್ಟು ಬೇಗ ಮೊದಲಿನಂತಾಯಿತು ಎನ್ನುವುದು ಇನ್ನೊಂದು. ಪೆಟ್ಟಿನ ಲೆಕ್ಕವೇ ಇಲ್ಲದೆ, ವರ್ಷದಿಂದ ವರ್ಷಕ್ಕೆ ಸಂಖ್ಯೆ ಎಷ್ಟು ಓಲಾಡುತ್ತದೆ ಎನ್ನುವುದು ಮೂರನೆಯದು. ಅಳಿವೆಯ ಹುಳಗಳು ಮೊದಲನೆಯದರಲ್ಲಿ ನಪಾಸು, ಎರಡನೆಯದರಲ್ಲಿ ಮೊದಲ ದರ್ಜೆ. ಘಟ್ಟದ ಕಾಡಿನ ದೊಡ್ಡ ಮರಗಳು ಇದಕ್ಕೆ ತಿರುಗಾಮುರುಗಾ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಯಾರ ಓಲಾಟ ಎಂಬುದು. ಒಂದೊಂದು ಜಾತಿಯದ್ದೋ, ಎಲ್ಲ ಸೇರಿದ ಮೊತ್ತದ್ದೋ? ಮಲ್ಪೆ ಬಂದರಿನಲ್ಲಿ ಬೂತಾಯಿ (ಸಾರ್ಡೀನ್ ಮೀನು) ಒಂದು ವರ್ಷ ಬುಟ್ಟಿ ಬುಟ್ಟಿ, ಇನ್ನೊಂದು ವರ್ಷ ಹುಡುಕಿದರೂ ಇಲ್ಲ. ಆದರೂ ಬಂದರು ಮುಚ್ಚುವುದಿಲ್ಲ, ಏಕೆಂದರೆ ಆ ವರ್ಷ ಬಂಗುಡೆಯೋ, ಕೊಲ್ಲತರುವೋ, ನಮ್ಮಲ್ಲಿ 'ಕಾರ್ಗಿಲ್' ಎಂದು ಕರೆಯುವ ಟ್ರಿಗರ್ ಮೀನೋ ಜಾಗ ತುಂಬಿರುತ್ತದೆ. (ಕಾರ್ಗಿಲ್ ಬಹುಪಾಲು ಫಿಶ್‌ಮೀಲ್ ಕಾರ್ಖಾನೆಗೇ ಹೋಗುತ್ತದೆ. ಟನ್ನಿನ ಲೆಕ್ಕದಲ್ಲಿ ಸ್ಥಿರತೆ ಇದೆ ಎಂದಮಾತ್ರಕ್ಕೆ ಮನೆಯ ಸಾರಿನಲ್ಲೂ ಇದೆ ಎಂದಲ್ಲ.)

ಇದನ್ನು ಅಂಕಿಯಲ್ಲೇ ನೋಡಬಹುದು. ಮೂರು ಜಾತಿ ಮೀನು, ಪ್ರತಿಯೊಂದರ ವಾರ್ಷಿಕ ಸರಾಸರಿ 30 ಟನ್, ಪ್ರತಿಯೊಂದರ ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಆಗುತ್ತದೆ ಎಂಬ ಅಳತೆ) 10 ಟನ್ ಎಂದಿಟ್ಟುಕೊಳ್ಳಿ. ಒಂದೊಂದೂ ಪ್ರತ್ಯೇಕವಾಗಿ ಶೇ. 33ರಷ್ಟು ಓಲಾಡುತ್ತಿದೆ. ಮೂರೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಮೊತ್ತದ ವಿಚಲನೆ 30 ಟನ್. 90ರ ಮೊತ್ತಕ್ಕೆ ಮತ್ತೆ ಶೇ. 33. ಒಂದರ ಹಂಗು ಇನ್ನೊಂದಕ್ಕಿಲ್ಲದೆ ಓಲಾಡಿದರೆ ಮೊತ್ತದ ವಿಚಲನೆ 300ರ ವರ್ಗಮೂಲ, ಅಂದರೆ 17.3 ಟನ್, ಶೇ. 19. ಎರಡು ಜಾತಿ ಒಂದಕ್ಕೊಂದು ಪೂರ್ತಿ ವಿರುದ್ಧವಾಗಿ, ಮೂರನೆಯದು ತನ್ನಷ್ಟಕ್ಕೆ ನಡೆದರೆ ಬರೀ 10 ಟನ್, ಶೇ. 11. ಒಂದೊಂದು ಜಾತಿಯ ಓಲಾಟ ಎಲ್ಲೂ ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ಜೊತೆಗೂಡುವಿಕೆ ಮಾತ್ರ. ಪರಿಸರ ವಿಜ್ಞಾನಿಗಳಾದ ಮಿಷೆಲ್ ಲೊರೋ ಮತ್ತು ಕ್ಲೇರ್ ದ ಮಜಾನ್‌ಕೂರ್ 2008ರಲ್ಲಿ ಕೊಟ್ಟ ಅಳತೆ ಇದೇ: ಮೊತ್ತದ ವಿಚಲನೆಯ ವರ್ಗವನ್ನು, ಎಲ್ಲ ಜಾತಿಗಳ ವಿಚಲನೆ ಕೂಡಿ ಬಂದ ಅಂಕಿಯ ವರ್ಗದಿಂದ ಭಾಗಿಸುವುದು. ಮೇಲಿನ ಮೂರು ಸಂದರ್ಭಕ್ಕೆ ಕ್ರಮವಾಗಿ 1, 0.33, 0.11 ಬರುತ್ತದೆ. ಒಂದಕ್ಕೆ ಹತ್ತಿರವಾದಷ್ಟೂ ಎಲ್ಲ ಮೀನೂ ಒಂದೇ ಬುಟ್ಟಿಯಲ್ಲಿದ್ದಂತೆ.

ಅಮೆರಿಕದ ಮಿನ್ನೆಸೋಟಾದ ಸೀಡರ್ ಕ್ರೀಕ್ ಹುಲ್ಲುಗಾವಲಿನಲ್ಲಿ 1988ರ ಬರದ ಆಚೀಚೆ ಡೇವಿಡ್ ಟಿಲ್ಮನ್ ತಂಡ ಕಂಡದ್ದೂ ಇದನ್ನೇ. ಜಾತಿ ಹೆಚ್ಚಿದ್ದ ತುಂಡುಗಳು ಬರದಲ್ಲಿ ಕಡಿಮೆ ಕಳೆದುಕೊಂಡವು, ಬೇಗ ಚೇತರಿಸಿಕೊಂಡವು. ಆದರೆ ಅದೇ ತುಂಡುಗಳಲ್ಲಿ ಒಂದೊಂದು ಜಾತಿಯನ್ನು ಬೇರೆಯಾಗಿ ನೋಡಿದಾಗ ಅಂಥ ಸ್ಥಿರತೆಯೇನೂ ಕಾಣಲಿಲ್ಲ. 'ವೈವಿಧ್ಯ ಇದ್ದರೆ ಸ್ಥಿರತೆ' ಎಂದು ಶಾಲೆಯ ಗೋಡೆಯ ಮೇಲೆ ಬರೆಯುವವರು ಈ ಎರಡನೇ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕೆಟ್ಟ ದಿನಗಳು ಸಾಲುಗಟ್ಟಿದಾಗ

ಏರಿಳಿತದ ಗಾತ್ರಕ್ಕಿಂತ ಅದರ ಸಾಲು ಮುಖ್ಯ. ಇದು ಈ ವಿಷಯದಲ್ಲಿ ಅತಿ ಕಡಿಮೆ ಮಾತಾಡಲಾಗುವ ಭಾಗ ಎಂದು ನನ್ನ ಅನಿಸಿಕೆ.

ಉಪ್ಪು ತೀರಾ ಇಳಿದಾಗ ಮರುವಾಯಿ ಚಿಪ್ಪನ್ನು ಬಿಗಿಯಾಗಿ ಮುಚ್ಚುತ್ತದೆ. ಒಳಗೆ ಸ್ವಲ್ಪ ಉಪ್ಪುನೀರು ಹಿಡಿದಿಟ್ಟುಕೊಂಡು, ಆಮ್ಲಜನಕವಿಲ್ಲದೆ ಜೀವ ನಡೆಸುತ್ತದೆ. ತಿನ್ನುವುದೂ ಇಲ್ಲ, ಉಸಿರಾಡುವುದೂ ಇಲ್ಲ, ಹೊಲಸು ಹೊರಹಾಕುವುದೂ ಇಲ್ಲ. ಇದಕ್ಕೊಂದು ಮಿತಿಯಿದೆ. ಮಾತಿಗೆ, ಹತ್ತು ದಿನ ಎನ್ನೋಣ. 120 ದಿನದ ಮಳೆಗಾಲದಲ್ಲಿ ಒಟ್ಟು 30 ದಿನ ನೀರು ಸಪ್ಪೆಯಾಯಿತು. ಆ 30 ದಿನ ಎರಡು ಮೂರರಂತೆ ಚದುರಿ ಬಂದರೆ, ನಡುವೆ ಮಳೆ ಬಿಟ್ಟಾಗ ಭರತದ ಉಪ್ಪುನೀರು ಒಳಗೆ ನುಗ್ಗಿ ಮರುವಾಯಿಗೆ ಚಿಪ್ಪು ತೆರೆಯಲು ಅವಕಾಶ ಸಿಗುತ್ತದೆ. ಅದೇ 30ರಲ್ಲಿ 15 ದಿನ ಒಂದೇ ಸಾಲಿನಲ್ಲಿ ಬಂದರೆ ಕತೆ ಮುಗಿಯಿತು. ಸರಾಸರಿ ಅದೇ, ವಿಚಲನೆಯೂ ಅದೇ. ಹವಾಮಾನದ ಅಂಕಿ ಇಟ್ಟುಕೊಂಡವರು 'ಈ ವರ್ಷದ ಮಳೆ ವಾಡಿಕೆಯಷ್ಟೇ' ಎನ್ನುತ್ತಾರೆ, ಹೊಳೆಯ ದಡದಲ್ಲಿ ಬಾಯ್ತೆರೆದ ಚಿಪ್ಪಿನ ರಾಶಿ ಬಿದ್ದಿರುತ್ತದೆ.

ಇವತ್ತಿನ ಸ್ಥಿತಿ ನಿನ್ನೆಯದ್ದನ್ನು ಎಷ್ಟು ಹೋಲುತ್ತದೆ ಎಂಬುದರ ಮೇಲೆ ಏರಿಳಿತಕ್ಕೆ 'ಬಣ್ಣ' ಹೇಳುವ ರೂಢಿ ಇದೆ. ನಿನ್ನೆ ಇವತ್ತಿಗೆ ಸಂಬಂಧವೇ ಇಲ್ಲದಿದ್ದರೆ ಬಿಳಿ, ಒಮ್ಮೆ ಕೆಟ್ಟರೆ ಬಹಳ ಕಾಲ ಕೆಟ್ಟೇ ಇರುವಂಥದ್ದು ಕೆಂಪು. ನೆಲದ ಮೇಲಿನ ಹವೆ, ಕಡಿಮೆ ಅವಧಿಯಲ್ಲಿ, ಬಿಳಿಗೆ ಹತ್ತಿರ. ಕಡಲಿನ ಏರಿಳಿತ ಕೆಂಪು ಎಂದು ಜಾನ್ ಸ್ಟೀಲ್ 1985ರಲ್ಲೇ ತೋರಿಸಿದ್ದರು. ನೀರು ಶಾಖವನ್ನು ಬೇಗ ಬಿಟ್ಟುಕೊಡದಿರುವುದೇ ಕಾರಣ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಆಮ್ಲಜನಕವಿಲ್ಲದ ಕಡಲ ತಳದ ಹೂಳಿನಲ್ಲಿ ಪದರ ಪದರವಾಗಿ ಕೂತ ಮೀನಿನ ಹುರುಪೆ ಎಣಿಸಿ, ಸುಮಾರು 1,700 ವರ್ಷಗಳ ಸಾರ್ಡೀನ್ ಮತ್ತು ಆಂಚೊವಿ ಏರಿಳಿತವನ್ನು 1992ರಲ್ಲಿ ಪ್ರಕಟಿಸಲಾಯಿತು. ಯಂತ್ರದ ಬೋಟು ಹುಟ್ಟುವ ಎಷ್ಟೋ ಮೊದಲೇ ಆ ಮೀನುಗಳು ದಶಕಗಟ್ಟಲೆ ಕಾಣೆಯಾಗಿ ಮತ್ತೆ ಬಂದಿದ್ದವು. ನಮ್ಮ ಬೂತಾಯಿಯೂ ಆ ಜಾತಕದ್ದೇ. 1940ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಬಹುತೇಕ ಇಲ್ಲವಾಗಿತ್ತು. ಈಚಿನದ್ದು ಹೇಳುವುದಾದರೆ, ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಇದ್ದದ್ದು 2021ಕ್ಕೆ ಮೂರೂಕಾಲು ಸಾವಿರ ಟನ್ನಿಗೆ ಇಳಿಯಿತು. ಬೂತಾಯಿಯ ಆಯಸ್ಸು ಎರಡು, ಎರಡೂವರೆ ವರ್ಷ. ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಕೆಳಗಿನ ತಂಪು ನೀರು ಮೇಲೆದ್ದು ಡಯಾಟಮ್ ಪಾಚಿ ಬೆಳೆಯುವ ಹೊತ್ತಿಗೆ ಮರಿಗಳು ಹೊರಬರಬೇಕು. ಒಂದು ಮಳೆಗಾಲ ಕೈಕೊಟ್ಟರೆ ಹಿಂದಿನ ವರ್ಷದ ಮೀನು ಕೈಹಿಡಿಯುತ್ತದೆ. ಸಾಲಾಗಿ ಎರಡು ಮೂರು ಕೈಕೊಟ್ಟರೆ ಹಿಡಿಯಲು ಯಾರೂ ಉಳಿದಿರುವುದಿಲ್ಲ.

ಪದವಿನ ದಾಸ್ತಾನು

ಮಣಿಪಾಲ, ಬಜ್ಪೆ, ಮೂಡುಬಿದಿರೆ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳನ್ನು, ಅಂದರೆ ಸಪಾಟು ನೆತ್ತಿಯ ಬಯಲುಗಳನ್ನು, ಏಪ್ರಿಲಿನಲ್ಲಿ ನೋಡಿದವರು ಅಲ್ಲಿ ಏನೂ ಇಲ್ಲ ಎಂದೇ ಹೇಳುತ್ತಾರೆ. ಬರಿಗಾಲಿಡಲಾಗದ ಕರಿಗಟ್ಟಿದ ಪಾದೆ, ಸಂದಿಗಳಲ್ಲಿ ಒಣಗಿದ ಮುಳಿಹುಲ್ಲು. ಸರಕಾರಿ ಕಾಗದದಲ್ಲಿ ಅದಕ್ಕೆ 'ಬಂಜರು' ಎಂಬ ಷರಾ. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಎರಡು ಮಳೆ ಬಿದ್ದರೆ ಕುಳಿಗಳಲ್ಲಿ ನೀರು ನಿಲ್ಲುತ್ತದೆ, ಕಪ್ಪೆಗಳ ಗದ್ದಲ ಶುರುವಾಗುತ್ತದೆ. ಸೋಣ ತಿಂಗಳಿಗೆ (ಆಗಸ್ಟ್–ಸೆಪ್ಟೆಂಬರ್) ಅದೇ ಪಾದೆಯ ಮೇಲೆ ಬೆರಳುದ್ದದ ಗಿಡಗಳು: ನೀರು ಜಿನುಗುವ ಕಡೆ ನೀಲಿ ಹೂವಿನ ಯುಟ್ರಿಕುಲೇರಿಯಾ, ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲನ್, ಅಂಟು ಕೂದಲಿನಲ್ಲಿ ನುಸಿ ಹಿಡಿಯುವ ಡ್ರೊಸೆರಾ. 2016ರಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಲಾದ, ಹೆಬ್ಬೆರಳ ಉಗುರಿನಷ್ಟೇ ದೊಡ್ಡ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಕಪ್ಪೆ ಸಿಕ್ಕಿದ್ದು ಮಣಿಪಾಲದ ಸುತ್ತಿನ ಇಂಥ ಮುರಕಲ್ಲು ಜಾಗಗಳಲ್ಲೇ.

ಈ ಗಿಡಗಳ ಪೈಕಿ ಕೆಲವಕ್ಕೆ ಎಡೆಬಿಡದ ಮಳೆ ಬೇಕು, ಕೆಲವಕ್ಕೆ ನಡುವೆ ಹತ್ತು ದಿನ ಬಿಸಿಲು ಬೇಕು. ಒಂದೇ ಅಂಗೈಯಗಲ ಮಣ್ಣಿಗೆ ಇಷ್ಟು ಜನ ಪೈಪೋಟಿ ನಡೆಸುವಾಗ ಬಲಿಷ್ಠವಾದ ಒಂದು ಉಳಿದವನ್ನೆಲ್ಲ ಓಡಿಸಬೇಕಿತ್ತು. ಓಡಿಸದಿರುವುದಕ್ಕೆ ಕಾರಣವನ್ನು ಪೀಟರ್ ಚೆಸ್ಸನ್ ಮತ್ತು ರಾಬರ್ಟ್ ವಾರ್ನರ್ 1981ರಲ್ಲಿ ಗಣಿತದಲ್ಲಿ ಕೊಟ್ಟರು. ಅವರು ಹೇಳುತ್ತಿದ್ದದ್ದು ಹವಳದ ದಿಬ್ಬದ ಮೀನುಗಳ ಬಗ್ಗೆ, ಆದರೆ ಪದವಿಗೂ ಸರಿಯಾಗಿ ಕೂರುತ್ತದೆ. ಮೂರು ಷರತ್ತು. ಒಂದೊಂದು ಜಾತಿಗೆ ಒಳ್ಳೆಯ ವರ್ಷ ಬೇರೆಬೇರೆಯಾಗಿರಬೇಕು. ಒಳ್ಳೆಯ ವರ್ಷ ಬಂದಾಗ ತನ್ನವರದ್ದೇ ನೂಕುನುಗ್ಗಲು ಹೆಚ್ಚಿ ಗೆಲುವಿಗೆ ತಡೆ ಬೀಳಬೇಕು. ಮತ್ತು ಕೆಟ್ಟ ವರ್ಷವನ್ನು ದಾಟಿಸುವ ಒಂದು ದಾಸ್ತಾನು ಇರಬೇಕು: ಮಣ್ಣಿನಲ್ಲಿ ಮಲಗಿರುವ ಬೀಜ, ಗೆಡ್ಡೆ, ಅಥವಾ ದೀರ್ಘಾಯುಷಿ ಹಿರಿಯ ಜೀವಿಗಳು. ಮೂರೂ ಇದ್ದರೆ ಏರಿಳಿತವೇ ಆ ಗುಂಪನ್ನು ಹಿಡಿದಿಡುತ್ತದೆ. ಏರಿಳಿತ ನಿಲ್ಲಿಸಿ ನೋಡಿ, ಒಂದೆರಡು ಜಾತಿ ಗೆದ್ದು ಉಳಿದವು ಹೋಗುತ್ತವೆ. ಪದವಿನ ಕುಳಿಗೆ ವರ್ಷವಿಡೀ ಪೈಪಿನಲ್ಲಿ ನೀರು ಬಿಟ್ಟರೆ ಜೊಂಡು ಬೆಳೆಯುತ್ತದೆ, ಅಷ್ಟೇ.

ನಾವು ಹಾಳು ಮಾಡುವುದು ಹೆಚ್ಚಾಗಿ ಮೂರನೆಯ ಷರತ್ತನ್ನು. ಮುರಕಲ್ಲಿನ ಕೋರೆ ತೆರೆಯುವಾಗ ಮೊದಲು ಜೆಸಿಬಿಯಲ್ಲಿ ಕೆರೆದು ಬದಿಗೆ ಹಾಕುವುದು ಮೇಲಿನ ಐದಾರು ಇಂಚು ಮಣ್ಣನ್ನು. ಬೀಜದ ದಾಸ್ತಾನು ಪೂರ್ತಿ ಅದರಲ್ಲೇ. ಆಮೇಲೆ ಕೋರೆಯ ಹೊಂಡದಲ್ಲಿ ಮಳೆನೀರು ಎಷ್ಟೇ ನಿಂತರೂ ಅದು ಹಳೆಯ ಕುಳಿಯಲ್ಲ, ಆಳ ಹೆಚ್ಚು, ಗೋಡೆ ಕಡಿದು. ಕೋರೆ ಮಾಡಲೇಬೇಕೆಂದಾದರೆ ಆ ಮಣ್ಣನ್ನು ಬೇರೆಯಾಗಿ, ಮೊಣಕಾಲೆತ್ತರ ಮೀರದ ತೆಳು ರಾಶಿಯಲ್ಲಿಟ್ಟು, ಮುಂದಿನ ಮಳೆಗೆ ಮೊದಲು ಕೆಲಸ ಮುಗಿದ ಪಾದೆಯ ಮೇಲೆ ಎರಡಿಂಚಿನಷ್ಟು ಹರಡುವುದು ಸಾಧ್ಯ. ಎತ್ತರದ ರಾಶಿಯಲ್ಲಿ ಬುಡದ ಬೀಜ ಗಾಳಿಯಿಲ್ಲದೆ ಕೊಳೆಯುತ್ತದೆ.

ಕಡಲಿನಲ್ಲಿ ದಾಸ್ತಾನು ಎಂದರೆ ಹಳೆಯ ಮೀನು. ದೊಡ್ಡ ಹೆಣ್ಣು ಮೀನು ಹೆಚ್ಚು ಮೊಟ್ಟೆ ಇಡುತ್ತದೆ, ಹೆಚ್ಚು ಕಾಲ ಇಡುತ್ತದೆ, ಹಾಗಾಗಿ ಋತುವಿನ ಯಾವುದೋ ಒಂದು ವಾರ ಸರಿಹೋದರೂ ಸಾಕು. ಹಿಡಿದು ಹಿಡಿದು ಹಳೆಯದ್ದೆಲ್ಲ ಹೋದರೆ ಎಲ್ಲ ಮೊಟ್ಟೆಯೂ ಚಿಕ್ಕ ಮೀನಿನದ್ದು, ಎಲ್ಲವೂ ಒಂದೇ ಚಿಕ್ಕ ಅವಧಿಯಲ್ಲಿ. ಕ್ಯಾಲಿಫೋರ್ನಿಯಾ ಕರಾವಳಿಯ ಅರ್ಧ ಶತಮಾನದ ಮೀನುಮರಿ ದಾಖಲೆಯನ್ನು 2006ರಲ್ಲಿ ಜಾಲಾಡಿದಾಗ, ಒಂದೇ ಕಡಲಿನಲ್ಲಿ, ಒಂದೇ ಹವೆಯಲ್ಲಿ, ಹಿಡಿಯುವ ಜಾತಿಗಳು ಹಿಡಿಯದವುಗಳಿಗಿಂತ ಹೆಚ್ಚು ಓಲಾಡುತ್ತಿದ್ದವು. ಪರಿಸರ ಬದಲಾಗಿರಲಿಲ್ಲ, ಅದನ್ನು ತಡೆದುಕೊಳ್ಳುವ ಹೊಟ್ಟೆ ಖಾಲಿಯಾಗಿತ್ತು. ನಮ್ಮಲ್ಲಿ ತೇಡೆ (ಕಡಲ ಕ್ಯಾಟ್‌ಫಿಶ್) ಮೀನಿನದ್ದು ಇನ್ನೂ ನೇರವಾದ ಕತೆ. ಗಂಡು ತೇಡೆ ಗೋಲಿಯಷ್ಟು ದೊಡ್ಡ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಮೊಟ್ಟೆ ಬೆರಳೆಣಿಕೆಯ ಡಜನ್ನುಗಳು, ಲಕ್ಷಗಳಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂದ ಮೇಲೆ, ಬಾಯ್ತುಂಬ ಮೊಟ್ಟೆಯಿದ್ದ ತೇಡೆಯ ಹಿಂಡುಗಳನ್ನೇ ಸುತ್ತುಗಟ್ಟಿ ಎತ್ತಲಾಯಿತು. ಬೂತಾಯಿ ಬಿದ್ದು ಏಳುವ ಮೀನು, ತೇಡೆ ಹಾಗಲ್ಲ. ಜೂನ್ 1ರಿಂದ ಜುಲೈ 31ರ ತನಕದ 61 ದಿನದ ನಿಷೇಧ ಮಳೆಗಾಲದಲ್ಲಿ ಮೊಟ್ಟೆ ಇಡುವವುಗಳಿಗೆ ನೆರವು. ಬೇರೆ ಕಾಲದಲ್ಲಿ ಮರಿ ಮಾಡುವವುಗಳಿಗೆ ಅದರಿಂದ ಸಿಗುವುದು ಕಡಿಮೆ.

ಎಲ್ಲ ಅಳಿವೆಗೂ ಒಂದೇ ಮಳೆ

ಒಂದು ಅಳಿವೆಯಲ್ಲಿ ಮರುವಾಯಿ ಸತ್ತರೆ ಪಕ್ಕದ್ದರಿಂದ ಮರಿ ತೇಲಿ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಪಕ್ಕದ್ದು ಉಳಿದಿದ್ದರೆ. ದೂರದೂರದ ಗುಂಪುಗಳು ಒಂದೇ ಹವೆಗೆ ಸಿಕ್ಕಿ ಒಟ್ಟಿಗೇ ಏರಿಳಿಯುವುದನ್ನು ಪ್ಯಾಟ್ರಿಕ್ ಮೊರಾನ್ 1953ರಲ್ಲಿ ವಿವರಿಸಿದರು. ನೇತ್ರಾವತಿ, ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಗಂಗೊಳ್ಳಿಯ ಪಂಚಗಂಗಾವಳಿ ಎಲ್ಲಕ್ಕೂ ಮಳೆ ತರುವುದು ಅದೇ ಮೋಡ. ಬೇರ್ಪಡಿಸುವುದು ಹೊಳೆಯ ಉದ್ದ ಮತ್ತು ಅಳಿವೆಯ ಆಕಾರ. ಘಟ್ಟದಿಂದ ಬರುವ ನೇತ್ರಾವತಿ ಮಳೆ ನಿಂತ ಮೇಲೂ ದಿನಗಟ್ಟಲೆ ಸಪ್ಪೆ ನೀರು ತಳ್ಳುತ್ತದೆ. ಗಿಡ್ಡ ಹೊಳೆಗಳ ಅಳಿವೆಗಳಿಗೆ ಮಳೆ ಬಿಟ್ಟ ಕೂಡಲೇ ಉಪ್ಪು ಮರಳುತ್ತದೆ. ಹಾಗಾಗಿ ಮರುವಾಯಿಯ ಹಾಸು ಉಳಿಸುವ ಯೋಚನೆ ಇದ್ದರೆ ಅತಿ ದೊಡ್ಡ ಅಳಿವೆಯೊಂದನ್ನೇ ಆರಿಸುವುದಕ್ಕಿಂತ, ಒಂದು ಉದ್ದ ಹೊಳೆ, ಎರಡು ಗಿಡ್ಡ ಹೊಳೆ ಎಂದು ಆರಿಸುವುದು ಜಾಣತನ.

ಅಳೆಯುವಾಗ ಎಲ್ಲಿ ತಪ್ಪುತ್ತದೆ

ಉಪ್ಪು ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ (ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಉಪ್ಪನ್ನು ಹೇಳುವ ಉಪಕರಣ) ಸಾಕು. ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತರಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಗೆರೆ ಮಸುಕಾಗುತ್ತದೆ, ಅರ್ಧ ಗಂಟೆ ಬಿಟ್ಟು ತಿಳಿ ನೀರನ್ನು ಹಾಕಬೇಕು. ಎರಡಕ್ಕಿಂತ ಕೆಳಗಿನ ಅಂಕಿಯನ್ನು ಅದು ನಂಬಿಕೆಯಿಂದ ತೋರಿಸುವುದಿಲ್ಲ, ಅಲ್ಲಿಗೆ ನೀರಿನ ವಿದ್ಯುತ್ ವಾಹಕತೆ ಅಳೆಯುವ ಕಂಡಕ್ಟಿವಿಟಿ ಮೀಟರ್ ಬೇಕು. ಮೇಲ್ನೀರು ಮಾತ್ರ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಭಾರದ ಉಪ್ಪುನೀರು ತಳದಲ್ಲಿ ನುಸುಳಿರುತ್ತದೆ. ಮೇಲೆ ಸೊನ್ನೆ ಇದ್ದಾಗ ಆಳದ ಕಡೆ ತಳದಲ್ಲಿ 20 ಇರಬಹುದು, ಮತ್ತು ಮರುವಾಯಿ ಇರುವುದು ತಳದಲ್ಲಿ. ಕಲ್ಲು ಕಟ್ಟಿದ ಬಾಟಲಿಯನ್ನು ಬಿರಡೆ ಹಾಕಿ ಇಳಿಸಿ, ತಳ ಮುಟ್ಟಿದ ಮೇಲೆ ಬಿರಡೆಯ ದಾರ ಎಳೆದರೆ ಆಯಿತು.

ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಹದಿನೈದು ದಿನಕ್ಕೆ ಮತ್ತೆ ಅದೇ ಗಂಟೆಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಒಂಬತ್ತಕ್ಕೇ ಹೋಗುವವರು ವರ್ಷವಿಡೀ ಭರತವನ್ನೇ ಅಥವಾ ಇಳಿತವನ್ನೇ ಅಳೆಯುತ್ತಾರೆ, ಏರಿಳಿತ ಕಡಿಮೆ ಎಂದು ಬರೆಯುತ್ತಾರೆ. ಗಡಿಯಾರ ಬಿಟ್ಟು ಭರತದ ಪಟ್ಟಿ ನೋಡಿ ಹೋಗಬೇಕು, ಎರಡೂ ತುದಿ ಅಳೆಯಬೇಕು. ಬರೆಯಬೇಕಾದ್ದು ತಿಂಗಳ ಸರಾಸರಿಗಿಂತ ಹೆಚ್ಚಾಗಿ, ಉಪ್ಪು 5ಕ್ಕಿಂತ ಕೆಳಗೆ ಸತತವಾಗಿ ಎಷ್ಟು ದಿನ ಇತ್ತು ಎಂಬುದನ್ನು.

ಜೀವಿ ಎಣಿಸಲು ಅರ್ಧ ಮೀಟರ್ ಚೌಕದ ಚೌಕಟ್ಟು, 15 ಸೆಂ.ಮೀ. ಆಳ, 1 ಮಿ.ಮೀ. ಜರಡಿ, ಒಂದು ಜಾಗಕ್ಕೆ ಐದಾದರೂ ಚೌಕಟ್ಟು. ಎರಡೂ ಚಿಪ್ಪು ಇನ್ನೂ ಕೂಡಿಕೊಂಡೇ ಬಾಯ್ತೆರೆದಿರುವುದನ್ನು ಬೇರೆ ಎಣಿಸಬೇಕು, ಅವು ಈಚೆಗೆ ಸತ್ತವು. ಚೌಕಟ್ಟಿಗೆ ಸರಾಸರಿ ನಾಲ್ಕೇ ಸಿಗುವ ಜಾತಿಯಾದರೆ, ನಿಜದಲ್ಲಿ ಏನೂ ಬದಲಾಗದಿದ್ದರೂ ಎಣಿಕೆ ಎರಡರಷ್ಟು ಅತ್ತಿತ್ತ ಆಗುತ್ತದೆ, ಅಂದರೆ ಶೇ. 50 ಓಲಾಟ ಬರೀ ಅದೃಷ್ಟದ್ದು. ಅಪರೂಪದ ಜಾತಿಗಳು 'ಅಸ್ಥಿರ' ಎಂದು ಬರೆದ ಎಷ್ಟೋ ವರದಿಗಳ ಹಿಂದೆ ಇರುವುದು ಇದೇ.

ಹಲಗೆ ಹಾಕುವ ಕಾಲ

ಏರಿಳಿತವನ್ನು ನಾವು ಕೈಯಾರೆ ನಿಲ್ಲಿಸುವ ಜಾಗ ಕಿಂಡಿ ಅಣೆಕಟ್ಟು. ಉಪ್ಪುನೀರು ಬಾವಿ, ತೋಟಕ್ಕೆ ನುಗ್ಗದಂತೆ ತಡೆಯುವುದು ಅಗತ್ಯವೇ. 2019ರ ಮೇ ತಿಂಗಳಲ್ಲಿ ಉಡುಪಿ, ಮಂಗಳೂರು ಎರಡೂ ನೀರಿಗೆ ಪಟ್ಟ ಪಾಡು ನೆನಪಿರುವವರು ಇದನ್ನು ಅಲ್ಲಗಳೆಯಲಾರರು. ಆದರೆ ನವೆಂಬರ್ ಕೊನೆಗೋ ಡಿಸೆಂಬರಿಗೋ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದ ದಿನದಿಂದ, ಮೈಲುಗಟ್ಟಲೆ ಹಬ್ಬಿದ್ದ ಉಪ್ಪಿನ ಇಳಿಜಾರು ಒಂದು ಗೋಡೆಯಾಗುತ್ತದೆ. ಮೇಲ್ಗಡೆ ನಿಂತ ಸಿಹಿನೀರು, ಕೆಳಗಡೆ ನೇರ ಕಡಲು. ನಡುವಿನ ಹದದ ನೀರಿನಲ್ಲಿ ಬದುಕುತ್ತಿದ್ದವುಗಳಿಗೆ ಜಾಗವೇ ಇಲ್ಲ. ಸಿಹಿನೀರಿನ ದೊಡ್ಡ ಸಿಗಡಿ ಮರಿ ಮಾಡುವುದು ಅರೆ ಉಪ್ಪಿನಲ್ಲಿ. ಆ ಮರಿಗಳು ಮೇಲೆ ಹತ್ತುವ ಮೊದಲೇ ಹಲಗೆ ಕೂತರೆ ಆ ವರ್ಷದ ಸಂತತಿ ಕೆಳಗೇ ಉಳಿಯಿತು.

ತೆಗೆಯುವ ಕಾಲ ಇನ್ನೂ ಸೂಕ್ಷ್ಮ. ಮಳೆ ಶುರುವಾದ ಮೇಲೆ ಗಡಿಬಿಡಿಯಲ್ಲಿ ತೆಗೆಯಲು ಹೋದರೆ ಉಬ್ಬಿದ ಹಲಗೆ ಕದಲುವುದಿಲ್ಲ, ನೆರೆಯ ಮರದ ದಿಮ್ಮಿ ಬಂದು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಹೆದರಿ ಮೇ ಕೊನೆಗೆ ಎಲ್ಲವನ್ನೂ ಒಂದೇ ದಿನ ಎತ್ತಿದರೆ, ಆರು ತಿಂಗಳು ನಿಂತು ತಳದಲ್ಲಿ ಆಮ್ಲಜನಕ ಕಳೆದುಕೊಂಡ ಕಪ್ಪು ನೀರು, ಹೂಳಿನ ಸಮೇತ, 34ರ ಉಪ್ಪಿನಲ್ಲಿರುವ ಅಳಿವೆಗೆ ಒಮ್ಮೆಲೇ ಬೀಳುತ್ತದೆ. ಒಂದು ದಿನ ಬಿಟ್ಟು ಒಂದು ದಿನ, ಒಂದು ಕಿಂಡಿ ಬಿಟ್ಟು ಒಂದು ಕಿಂಡಿಯಲ್ಲಿ, ಮೇಲಿನ ಹಲಗೆಯಿಂದ ಶುರುಮಾಡಿ ಒಂದೂವರೆ ವಾರದಲ್ಲಿ ಬಿಚ್ಚಿದರೆ ಕೂಲಿ ಸ್ವಲ್ಪ ಹೆಚ್ಚು ಬೀಳುತ್ತದೆ. ನಡುವಿನ ಎರಡು ಕಿಂಡಿಗಳ ಮೇಲಿನ ಒಂದು ಹಲಗೆಯನ್ನು ಹಾಕುವಾಗಲೇ ಬಿಟ್ಟು, ಜನವರಿ ಕೊನೆಯ ತನಕ ಅಲ್ಲಿಂದ ನೀರು ಹರಿಯಲು ಕೊಟ್ಟರೆ ಸಂಗ್ರಹ ಒಂದು ಹಲಗೆಯೆತ್ತರ ತಗ್ಗುತ್ತದೆ. ಹೊಳೆಯಲ್ಲಿ ಒಳಹರಿವು ಇನ್ನೂ ಇರುವ ಆ ಎರಡು ತಿಂಗಳ ಮಟ್ಟಿಗೆ ತೋಟದವರಿಗೆ ಅದು ನಷ್ಟವಲ್ಲ. ಫೆಬ್ರವರಿಗೆ ಆ ಹಲಗೆಯನ್ನೂ ಹಾಕಿಬಿಡಬಹುದು.